ಚಕ್ಲಿ ಒತ್ತುತ್ತ ಕಲಿತ ಇಂಗ್ಲಿಷು

ಮೊಮ್ಮಗಳು ಹುಟ್ಟಿದಳು! ಹುಟ್ಟಿದ್ದಷ್ಟೇ ಅಲ್ಲ, ಅತ್ತಳು. ಶಹಾಬಾದಿನ ನಮ್ಮ ಓಣಿಯ ಕಲ್ಲಿನ ಗೋಡೆಗಳಿಗೆಲ್ಲ ಕೇಳುವ ಹಾಗೆ, ಮುಷ್ಟಿ ಬಿಗಿದು, ಮುಖ ಕೆಂಪು ಮಾಡಿಕೊಂಡು ಅತ್ತಳು. ಈಗ ಅಂಬೆಗಾಲಿಟ್ಟು ಹಿಟ್ಟಿನ ಡಬ್ಬಿಯವರೆಗೆ ಹೋಗುತ್ತಾಳೆ, ಆದರೂ ಆ ದಿನದ ಸಂತೋಷ ನನ್ನ ಎದೆಯಿಂದ ಇನ್ನೂ ಇಳಿದಿಲ್ಲ. ಕಂಡವರಿಗೆಲ್ಲ ಹೇಳಿ ಮುಗಿಸಿದೆ. ಕೇಳುವವರು ಯಾರೂ ಉಳಿಯದ ಕಾರಣ ಈಗ ಬರೆಯಲು ಕೂತಿದ್ದೇನೆ. ಚಿತ್ತಾಪುರದ ಮಠದಲ್ಲಿ ಮರಳಿನ ಮೇಲೆ ಬೆರಳಿಟ್ಟು ಕಲಿತ ಅಕ್ಷರ ನನ್ನದು, ಅದರ ಮುಂದೆ ಸಾಲೆ ಕಂಡವಳಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಅತ್ತಳು ಎಂದು ಇಷ್ಟು ಸಡಗರದಿಂದ ಹೇಳುವುದಕ್ಕೆ ಕಾರಣವಿದೆ. ನನ್ನ ಸೊಸೆ ಇದಕ್ಕೆ ಮುಂಚೆ ಎರಡು ಸಲ ಹೆತ್ತಿದ್ದಳು. ಎರಡೂ ಹೆರಿಗೆ ಅವಳ ತವರು ಕೊಡ್ಲಿಯಲ್ಲಿ. ಎರಡೂ ಗಂಡು. ಎರಡೂ ಅಳಲಿಲ್ಲ. ಎರಡನೆಯದಕ್ಕೆ ನಾನೂ ಕೊಡ್ಲಿಗೆ ಹೋಗಿದ್ದೆ. ಬಾಗಿಲ ಹೊರಗೆ ಕೂತವಳಿಗೆ ಒಳಗಿನಿಂದ ಸೂಲಗಿತ್ತಿಯ ದನಿಯೊಂದೇ ಕೇಳುತ್ತಿತ್ತು: ‘ತಿಣುಕು, ತಿಣುಕು.’ ಆಮೇಲೆ ಆ ದನಿಯೂ ನಿಂತಿತು. ಬಾಗಿಲು ತೆರೆಯಲಿಲ್ಲ. ಬಹಳ ಹೊತ್ತು ಯಾರೂ ತೆರೆಯಲಿಲ್ಲ.

ಹೀಗಾಗಿ ಅವಳು ಮೂರನೆಯ ಸಲ ಬಸುರಾದಾಗ ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ. ತವರಿಗೆ ಕಳಿಸುವುದಿಲ್ಲ, ಹೆರಿಗೆ ಇಲ್ಲೇ ಆಗಲಿ ಎಂದು ನಾನು ಹಟ ಹಿಡಿದೆ. ಕೂಸಿಗೆಂದು ಏನನ್ನೂ ತೆಗೆದಿಡಬಾರದು, ಕೂಸಿನ ಮಾತನ್ನು ಮುಂಚೆಯೇ ಆಡಬಾರದು ಎಂದೂ ಕಟ್ಟು ಹಾಕಿದೆ. ಹಿಂದಿನ ಎರಡು ಸಲ ತೊಟ್ಟಿಲು, ಕುಂಚಿಗೆ, ಬೆಳ್ಳಿಯ ಉಡಿದಾರ ಎಲ್ಲ ಮೊದಲೇ ಮಾಡಿಸಿ ಇಟ್ಟಿದ್ದೆವು. ಅವು ನಮ್ಮನ್ನೇ ನೋಡುತ್ತ ಕೂತವು. ಈ ಸಲ ತೊಟ್ಟಿಲನ್ನು ಗುಂಡಗುರ್ತಿಯ ಬೀಗರಿಗೆ ಕೊಟ್ಟುಬಿಟ್ಟೆ. ಮನೆ ಖಾಲಿ ಇದ್ದರೆ ಕೆಟ್ಟದ್ದಕ್ಕೆ ಸುಳಿವು ಸಿಗುವುದಿಲ್ಲ ಎಂಬುದು ನನ್ನ ಲೆಕ್ಕ.

ನನ್ನ ಮಗ ವಾಡಿ ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಕೆಲಸದಲ್ಲಿದ್ದ. ಅಲ್ಲಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಮನೆಯಲ್ಲೂ ಇಂಗ್ಲಿಷೇ ಆಡುವ, ದೊರೆಸಾನಿಯಂಥ ಒಬ್ಬ ಮುದುಕಿ ಇದ್ದಳು. ಮೊದಲು ದವಾಖಾನೆಯಲ್ಲಿ ನರ್ಸಾಗಿದ್ದವಳು, ಈಗ ಗಾರ್ಡ್ ಕೆಲಸದ ತಮ್ಮನ ಮನೆಯಲ್ಲಿದ್ದಳು. ಎಲ್ಲರೂ ಅವಳನ್ನು ನರ್ಸಬಾಯಿ ಎನ್ನುತ್ತಿದ್ದರು. ಮಗ ಹೋಗಿ ಅವಳ ಬಾಗಿಲಲ್ಲಿ ನಿಂತು ಕೇಳಿಕೊಂಡ. ಆಕೆ ಒಂದು ಆಯಿತವಾರ ಬೆಳಗಿನ ಪ್ಯಾಸೆಂಜರಿನಲ್ಲಿ ಶಹಾಬಾದಿಗೆ ಇಳಿದು, ಸೊಸೆಯ ಹೊಟ್ಟೆ ಮುಟ್ಟಿ ನೋಡಿ, ಒಂದು ಷರತ್ತು ಹಾಕಿದಳು. ಅವಳ ಹಿಂದೂಸ್ತಾನಿ ಸ್ಟೇಷನ್ನಿನ ಹಮಾಲರನ್ನು ಬೈಯುತ್ತ ಕಲಿತದ್ದು, ಅದನ್ನು ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ.

“ನನ್ನ ಕೈಯಾಗ ಕೂಸಿರೋ ಹೊತ್ತಿನ್ಯಾಗ ನನಗ ಇಂಗ್ಲಿಷ್ ಬಿಟ್ಟು ಬ್ಯಾರೆ ಭಾಷಾ ನೆನಪಿಗಿ ಬರೂದಿಲ್ಲ. ಹಿಡಿ ಅಂದ್ರ ಹಿಡೀಬೇಕು, ಬಿಡು ಅಂದ್ರ ಬಿಡಬೇಕು. ನಡುವ ಅರ್ಥಾ ಹೇಳೋರಿಗಿ ಕಾಯಕ್ಕ ಟೈಮಿರಲ್ಲ. ನನ್ನ ಮಾತು ಇಬ್ಬರೂ ಕಲೀರಿ. ಕಲಿತ್ರ ಬರತೀನಿ, ಇಲ್ಲಾಂದ್ರ ಇಲ್ಲ.”

“ಈ ವಯಸ್ಸಿನ್ಯಾಗ ನನಗ ಇಂಗ್ಲಿಷ್ ಕಲಸ್ತೀರೇನ್ರಿ ಬಾಯಿ?” ಎಂದೆ.

“ನನಗ ಯಾಕ ವಯಸ್ಸು ಹೇಳ್ತಿ? ನಾನು ನಿನಗಿಂತ ಮುದುಕಿ, ಇನ್ನೂ ಹಿಂದೂಸ್ತಾನಿ ಕಲೀಲಾಕತ್ತೀನಿ,” ಎಂದಳು.

ಕಲಿಯುವುದಕ್ಕೆ ಸಂದರ್ಭವೊಂದು ತಾನೇ ಒದಗಿತು. ನಮ್ಮ ಕಡೆ ಬೆಸ ತಿಂಗಳಲ್ಲಿ ಕಳ್ಳ ಕುಬಸ ಮಾಡುತ್ತೇವೆ. ಊರಿಗೆ ಹೇಳದೆ, ಬಾಜಾ ಬಜಂತ್ರಿ ಇಲ್ಲದೆ, ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಹೊಸ ಕುಬಸ ಹಾಕಿ, ಉಡಿ ತುಂಬಿ, ಅವಳಿಗೆ ಬೇಕಾದ್ದನ್ನು ಉಣಿಸುವುದು. ಅದು ತಾಯಿಯ ಬಾಯಿರುಚಿಗೆ ಮಾಡುವುದು, ಕೂಸಿಗಲ್ಲ. ಹೀಗಾಗಿ ನನ್ನ ಕಟ್ಟು ಮುರಿದಂತಾಗಲಿಲ್ಲ. ಐದನೆಯ ತಿಂಗಳಲ್ಲೇ ಮಾಡಬೇಕೆಂದು ಅಕ್ಕಿ ಬೀಸಿದೆವು. ಹಿಂದಿನ ಓಣಿಯಲ್ಲಿ ಸಾವಾಯಿತು. ನರ್ಸಬಾಯಿ “ಪುಟ್ ಆಫ್” ಎಂದಳು. ಮುಂದಕ್ಕೆ ಹಾಕುವುದು ಎಂದರ್ಥ. ಅದು ನಾನು ಕಲಿತ ಮೊದಲ ಮಾತು. ಸಾವಿನ ಬಾಜಾ ಕೇಳುತ್ತ ಕಲಿತೆ.

ಏಳನೆಯ ತಿಂಗಳವರೆಗೆ ತಯಾರಿ ನಡೆದೇ ಇತ್ತು, ಅದರ ಜೊತೆಗೆ ಪಾಠವೂ. ಆಯಿತವಾರಕ್ಕೊಮ್ಮೆ ಬರುವ ನರ್ಸಬಾಯಿ ಪುಸ್ತಕ ತರಲಿಲ್ಲ. ಅಡುಗೆಮನೆಯ ಹೊಸ್ತಿಲ ಮೇಲೆ ಸ್ಟೂಲು ಹಾಕಿಕೊಂಡು ಕೂತು, ನಾವು ಮಾಡುವ ಕೆಲಸಕ್ಕೆಲ್ಲ ಇಂಗ್ಲಿಷ್ ಹೇಳುತ್ತಿದ್ದಳು. ನೆಲುವಿನ ಗಡಿಗೆ ಇಳಿಸಿದರೆ ಟೇಕ್ ಡೌನ್. ಬಾವಿಯಿಂದ ಕೊಡ ಎಳೆದರೆ ಪುಲ್ ಅಪ್. ಹಗ್ಗ ಬಿಟ್ಟರೆ ಲೆಟ್ ಗೋ. ಹೋಳಿಗೆ ಲಟ್ಟಿಸಿದರೆ ರೋಲ್ ಔಟ್, ಹಂಚಿನ ಮೇಲೆ ತಿರುವಿದರೆ ಟರ್ನ್ ಓವರ್. ಒಲೆ ಊದುವ ಕೊಳವೆಯನ್ನು ಸೊಸೆಯ ಕೈಗೆ ಕೊಟ್ಟು “ಬ್ರೀದ್ ಇನ್… ಬ್ಲೋ ಔಟ್…” ಎಂದು ನಿಧಾನವಾಗಿ ಊದಿಸುತ್ತಿದ್ದಳು. ಒಲೆ ಹೊತ್ತಿಕೊಂಡ ಮೇಲೂ ಬಿಡುತ್ತಿರಲಿಲ್ಲ. “ಬಾಯಿ, ಬೆಂಕಿ ಹತ್ತೇತ್ರಿ, ಇನ್ನ ಊದಿದ್ರ ಮನೀನೇ ಹತ್ತತದ,” ಎಂದರೆ “ಗೋ ಆನ್” ಎನ್ನುತ್ತಿದ್ದಳು. ಮುಂದುವರಿಸು ಎಂದರ್ಥ.

ಎಲ್ಲಕ್ಕಿಂತ ಹೆಚ್ಚು ಪಾಠ ಆದದ್ದು ಚಕ್ಲಿಯಲ್ಲಿ. ಹಿತ್ತಾಳೆಯ ಒರಳಿಗೆ ಹಿಟ್ಟು ತುಂಬಿ ಸೊಸೆ ಎರಡೂ ಕೈಯಿಂದ ಒತ್ತಬೇಕು. ನರ್ಸಬಾಯಿ ಎದುರಿಗೆ ಕೂತು ಅಪ್ಪಣೆ ಕೊಡುವಳು. “ನಾಟ್ ಯೆಟ್… ಹೋಲ್ಡ್ ಆನ್… ನೌ, ಪುಶ್ ಡೌನ್.” ಈಗಲೇ ಬೇಡ, ತಡೆದು ಹಿಡಿ, ಈಗ ಒತ್ತು. ಸೊಸೆ ಗಡಬಡಿಸಿ ಒತ್ತಿದರೆ ಚಕ್ಲಿ ಹರಿದು ತುಂಡಾಗುತ್ತಿತ್ತು. ಅಪ್ಪಣೆಯಂತೆ ಒತ್ತಿದರೆ ಸುತ್ತು ಸುತ್ತಾಗಿ ಒಂದೇ ಎಳೆಯಲ್ಲಿ ಇಳಿಯುತ್ತಿತ್ತು. ತಿಂಗಳುಗಟ್ಟಲೆ ಮಂಕಾಗಿದ್ದ ಹುಡುಗಿ ಅಂದು ಬಟ್ಟಲಷ್ಟು ದೊಡ್ಡ ಚಕ್ಲಿ ಇಳಿಸಿ ಜೋರಾಗಿ ನಕ್ಕಳು.

ಎಣ್ಣೆಯ ವಾಸನೆಗೆ ಪಕ್ಕದ ಮನೆಯ ಅಕ್ಕ ಗೋಡೆಯ ಮೇಲಿಂದ ಇಣುಕಿದಳು. “ಏನಬೇ, ಊರಿಗಿಂತ ಮೊದಲ ನಿಮ್ಮ ಮನಿಗಿ ದೀಪಾವಳಿ ಬಂತೇನ?”

“ವಾಡಿಯಿಂದ ಬಾಯಿ ಬಂದಾರಲ್ಲ, ಅವರಿಗಿ ಚಕ್ಲಿ ಅಂದ್ರ ಭಾಳ ಪ್ರೀತಿ,” ಎಂದು ನಾನು ಸುಳ್ಳು ಹೇಳಿದೆ.

“ಹಾಂ, ಬಾಯಿ ಹೊಟ್ಟಿಗಿ ಚಕ್ಲಿ, ಸೊಸಿ ಹೊಟ್ಟಿಗಿ ಇಂಗ್ಲಿಷು. ಕೊಡು ಒಂದೆರಡು, ನಾ ಯಾರಿಗೂ ಹೇಳಂಗಿಲ್ಲ,” ಎಂದು ಕೈ ಚಾಚಿದಳು. ಅವಳಿಗೆ ಎಲ್ಲ ಗೊತ್ತಿತ್ತು.

ಮಾತು ಬಂದ ಮೇಲೆ ಕಾಲ ಕಲಿಸಲು ಹೊರಟಳು ನರ್ಸಬಾಯಿ. ನಿನ್ನೆ ಮಾಡಿದ್ದಕ್ಕೆ ಒಂದು ರೀತಿ, ಈಗ ಮಾಡುತ್ತಿರುವುದಕ್ಕೆ ಇನ್ನೊಂದು, ನಾಳೆ ಮಾಡುವುದಕ್ಕೆ ಮತ್ತೊಂದು. “ನಿನ್ನೆ ಏನು ಮಾಡಿದಿ? ಈಗ ಏನು ಮಾಡಾಕತ್ತಿ?” ಎಂದು ಕೇಳಿದರೆ ಸೊಸೆ ತಡವರಿಸುತ್ತ ಉತ್ತರ ಕೊಡುತ್ತಿದ್ದಳು. “ನಾಳಿಗಿ ಏನು ಮಾಡ್ತಿ?” ಎಂದಾಗ ಮಾತ್ರ ನನ್ನ ಮುಖ ನೋಡಿದಳು.

“ಬಾಯಿ, ನಾಳಿಂದು ನಮಗ ಬ್ಯಾಡ್ರಿ,” ಎಂದೆ. “ನಿನ್ನಿದು ಕಲಸ್ರಿ, ಇವತ್ತಿಂದು ಕಲಸ್ರಿ. ಮುಂದಿಂದು ಈ ಮನ್ಯಾಗ ಯಾರೂ ಮಾತಾಡಂಗಿಲ್ಲ.”

ಆಕೆ ನನ್ನನ್ನು ದಿಟ್ಟಿಸಿ ನೋಡಿ, ಭುಜ ಕುಣಿಸಿ, ಒಪ್ಪಿದಳು. ಅಂದಿನಿಂದ ನಾವು ಕಲಿತದ್ದು ನಾಳೆ ಇಲ್ಲದ ಇಂಗ್ಲಿಷು.

ಆದರೆ ನಿನ್ನೆಯೇನು ಸುಮ್ಮನೆ ಬಿಡುತ್ತದೆಯೇ? ಮುಂದಿನ ಆಯಿತವಾರ ನರ್ಸಬಾಯಿ ‘ನನ್ನ ಹತ್ತಿರ ಇದೆ’, ‘ನನ್ನ ಹತ್ತಿರ ಇತ್ತು’ ಎಂಬುದನ್ನು ಪಾತ್ರೆ ತೋರಿಸಿ ಕಲಿಸುತ್ತಿದ್ದಳು. ಬಟ್ಟಲು ಕೈಗೆ ಕೊಟ್ಟು ಐ ಹ್ಯಾವ್, ಕಸಿದುಕೊಂಡು ಐ ಹ್ಯಾಡ್. “ಈಗ ನೀನೇ ಒಂದು ಹೇಳು,” ಎಂದಳು. ಸೊಸೆ ಒಲೆಯ ಕಡೆ ನೋಡುತ್ತ, ತಪ್ಪಿಲ್ಲದೆ, ಮೆಲ್ಲಗೆ ಹೇಳಿದಳು: “ಐ ಹ್ಯಾಡ್ ಟೂ ಸನ್ಸ್.”

ನನಗೆ ಅರ್ಥವಾಗಲಿಲ್ಲ. “ಏನಂದ್ಳು?” ಎಂದು ನರ್ಸಬಾಯಿಯನ್ನು ಕೇಳಿದೆ. ಬಾಣಲೆಯಲ್ಲಿದ್ದ ಚಕ್ಲಿ ಕಪ್ಪಾಗಿ ಹೊಗೆ ಎದ್ದಿತು, ಮೂವರಲ್ಲಿ ಯಾರೂ ತೆಗೆಯಲಿಲ್ಲ. ಆಮೇಲೆ ನರ್ಸಬಾಯಿ ಹೇಳಿದಳು: “ತನಗ ಇಬ್ಬರು ಗಂಡಮಕ್ಕಳಿದ್ರು ಅಂದ್ಳು.”

ಅವು ತೀರಿಕೊಂಡ ಮೇಲೆ ಆ ಹುಡುಗಿ ಅವುಗಳ ಮಾತು ಒಂದು ಸಲವೂ ಆಡಿರಲಿಲ್ಲ. ಕನ್ನಡದಲ್ಲಿ ಆಡಲಾಗದ್ದನ್ನು ಇಂಗ್ಲಿಷಿನಲ್ಲಿ ಆಡಿದಳು. ನಾನು ಎದ್ದು ಹಿತ್ತಲಿಗೆ ಹೋದೆ. ಅಂದು ಖಣಿಯಲ್ಲಿ ಮದ್ದು ಹಾರಿಸುತ್ತಿದ್ದರು. ಕಾಲ ಕೆಳಗಿನ ಫರಸಿ ಕಲ್ಲು ಅದುರಿತು.

ಏಳನೆಯ ತಿಂಗಳಲ್ಲಿ ಕುಬಸ ಮಾಡಿದೆವು. ಬಾಗಿಲು ಹಾಕಿಕೊಂಡು, ಸೋಬಾನ ಪದವನ್ನೂ ಪಿಸುದನಿಯಲ್ಲಿ ಹಾಡಿದೆವು. ಹಸಿರು ಸೀರೆಯಲ್ಲಿ ಸೊಸೆ ಚೆಲುವೆಯಾಗಿ ಕಂಡಳು. ಹಿಂದಿನ ಎರಡು ಸಲವೂ ಹೀಗೇ ಚೆಲುವೆಯಾಗಿ ಕಂಡಿದ್ದಳಲ್ಲ ಎಂದು ನೆನಪಾಗಿ ಆರತಿಯನ್ನು ಬೇಗ ಬೇಗ ಎತ್ತಿ ಮುಗಿಸಿದೆ.

ಅಲ್ಲಿಂದ ಮುಂದೆ ಮನೆಯ ಹೆದರಿಕೆಯೊಂದೇ ಅಲ್ಲ, ಊರ ಹೆದರಿಕೆಯೂ ಸೇರಿತು. ಅದು ನಿಜಾಮರ ರಾಜ್ಯದ ಕಡೆಯ ಮಳೆಗಾಲ. ಕಡೆಯದೆಂದು ನಮಗೇನು ಗೊತ್ತು? ಸೇಡಂ ಕಡೆಯಿಂದ ಒಂದು ಸುದ್ದಿ, ಚಿಂಚೋಳಿ ಕಡೆಯಿಂದ ಇನ್ನೊಂದು. ಬಂದೂಕು ಹಿಡಿದವರ ಲಾರಿ ಬಂದರೆ ಬಜಾರಿನ ಬಾಗಿಲುಗಳು ಒಂದಾದ ಮೇಲೊಂದು ಮುಚ್ಚಿಕೊಳ್ಳುತ್ತಿದ್ದವು. ಪಕ್ಕದ ಮನೆಯ ಅಕ್ಕ ಒಂದು ಬೆಳಗ್ಗೆ ಗಂಟು ಕಟ್ಟಿಕೊಂಡು ಸೊಲ್ಲಾಪುರದ ಕಡೆ ಹೋದಳು. “ನೀವೂ ಬರ್ರಿ,” ಎಂದಳು. ತುಂಬಿದ ಬಸುರಿಯನ್ನು ಕರೆದುಕೊಂಡು ಎಲ್ಲಿಗೆ ಹೋಗಲಿ? ಊರಿನ ಸೂಲಗಿತ್ತಿಯೂ ಮಗಳ ಮನೆ ಸೇರಿಕೊಂಡಿದ್ದಳು. ನರ್ಸಬಾಯಿ ಮಾತ್ರ ಆಯಿತವಾರ ತಪ್ಪಿಸಲಿಲ್ಲ. ಕಡೆಯ ಸಲ ಬಂದಾಗ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: “ಮುಂದಿನ ವಾರ ಬಂದು ಇಲ್ಲೇ ಇರತೀನಿ. ಅಷ್ಟರಾಗ ಏನಾರ ಆದ್ರ, ಹೊಕ್ಕಳಬಳ್ಳಿಗಿ ಕೈ ಹಚ್ಚಬ್ಯಾಡ. ಕೂಸಿನ್ನ ತಾಯಿ ಎದಿ ಮ್ಯಾಲ ಇಡು, ನಾ ಬರೂತನಕ ಹಂಗೇ ಬಿಡು. ಒಂದು ಅರಬಿ ಕುದಿಸಿ ಒಣಗಿಸಿ ಇಡು.”

ಅರಬಿ ಎಂದರೆ ಬಟ್ಟೆ. ನಾನು ಹೂಂ ಎಂದೆ, ಇಡಲಿಲ್ಲ. ಇಟ್ಟರೆ ಮುಂಚೆಯೇ ತೆಗೆದಿಟ್ಟಂತಾಗುತ್ತದಲ್ಲ!

ಆ ವಾರದ ನಡುವೆ ಒಂದು ಬೆಳಗ್ಗೆ ಪ್ಯಾಸೆಂಜರಿನ ಸೀಟಿ ಕೇಳಲಿಲ್ಲ. ಮೇಲ್ ಗಾಡಿಯದೂ ಕೇಳಲಿಲ್ಲ. ಗಾಡಿಗಳೆಲ್ಲ ನಿಂತಿವೆ ಎಂದು ಯಾರೋ ಕೂಗುತ್ತ ಹೋದರು. ರೊಟ್ಟಿ ಬಡಿಯುತ್ತಿದ್ದ ಸೊಸೆ ಹಿಟ್ಟು ನಾದುವ ಕೊಣಮಿಗೆ ಹಿಡಿದುಕೊಂಡು ನಿಂತಳು. “ಅತ್ತಿ, ನಡಾ ನೋಯಾಕತ್ತಾದ್ರಿ,” ಎಂದಳು.

ನಮ್ಮ ಯಜಮಾನರು ಚಪ್ಪಲಿ ಮೆಟ್ಟಿಕೊಂಡರು. “ವಾಡಿಗಿ ನಡಕೋತ ಹೋಗ್ತೀನಿ. ಹಳಿ ಹಿಡದು ಹೋದ್ರ ದಾರಿ ತಪ್ಪಂಗಿಲ್ಲ. ಬಾಯಿನ್ನ ಹೊತ್ತುಕೊಂಡಾದ್ರೂ ತರತೀನಿ.”

“ಹಳಿ ಮ್ಯಾಲ ಹೋಗಬ್ಯಾಡ್ರಿ, ಬಂದೂಕಿನವರು ಅದಾರಂತ,” ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಮೋಡದ ಬಿಸಿಲಿನಲ್ಲಿ ಅವರ ರುಮಾಲು ಸಣ್ಣದಾಗಿ ಸಣ್ಣದಾಗಿ ಮಾಯವಾಯಿತು. ಮನೆಯಲ್ಲಿ ನಾವಿಬ್ಬರೇ ಉಳಿದೆವು. ಓಣಿಯಲ್ಲಿ ನಾಯಿ ಕೂಡ ಬೊಗಳಲಿಲ್ಲ.

ನೀರು ಕಾಯಿಸಿದೆ, ನಡು ತಿಕ್ಕಿದೆ, ಮಾಡಿನ ತೊಲೆಗೆ ಸೀರೆ ಕಟ್ಟಿ ಅವಳ ಕೈಗೆ ಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ನೋವು ಏರಿತು. ಹೆತ್ತವಳಾದರೂ ನಾನು ಹೆರಿಗೆ ಮಾಡಿಸಿದವಳಲ್ಲ. ಕೇಳಿದ್ದ ಒಂದೇ ಮಾತು ಬಾಯಿಗೆ ಬಂತು. “ತಿಣುಕವ್ವಾ, ತಿಣುಕು.”

ಅವಳ ಮೈ ಮರಗಟ್ಟಿತು. ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಉಸಿರನ್ನೇ ಹಿಡಿದುಬಿಟ್ಟಳು. ತುಟಿ ನೀಲಿಯಾಗತೊಡಗಿತು. ಕೂಸು ಒಂದು ಕೂದಲೆಳೆಯಷ್ಟೂ ಸರಿಯಲಿಲ್ಲ. ನಾನು ಗಾಬರಿಯಲ್ಲಿ ಅದನ್ನೇ ಮತ್ತೆ ಮತ್ತೆ ಅಂದೆ. ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದಳು.

“ಆ ಮಾತು ಬ್ಯಾಡ್ರಿ ಅತ್ತಿ. ಕೊಡ್ಲ್ಯಾಗ ಎರಡೂ ಸಲ ಅದನ್ನೇ ಅಂದ್ರು. ಅದು ಕೇಳಿದ್ರ ನನಗ ಆ ಖೋಲಿನೇ ಕಾಣತದ… ಬಾಯಿ ಅಂದಂಗ ಅನ್ರಿ. ಇಂಗ್ಲಿಷ್‌ನಾಗ ಅನ್ರಿ.”

ಏನು ಅನ್ನಲಿ? ಕಲಿತದ್ದೆಲ್ಲ ಹಾರಿಹೋಗಿತ್ತು. ಒಲೆಯ ಕಡೆ ನೋಡಿದೆ. ಊದುವ ಕೊಳವೆ ಕಂಡಿತು. “ಬ್ರೀದ್ ಇನ್,” ಎಂದೆ. ಅವಳ ಎದೆ ಏರಿತು. “ಬ್ಲೋ ಔಟ್.” ಉದ್ದಕ್ಕೆ ಊದಿದಳು. ತುಟಿಗೆ ಬಣ್ಣ ಬಂತು. ನೋವು ಮತ್ತೆ ಏರಿದಾಗ ಅವಳ ಕಣ್ಣಲ್ಲಿ ಕಣ್ಣಿಟ್ಟು, ನರ್ಸಬಾಯಿ ಚಕ್ಲಿಯ ಮುಂದೆ ಕೂತ ಹಾಗೆ ಕೂತೆ. “ನಾಟ್ ಯೆಟ್… ಹೋಲ್ಡ್ ಆನ್… ಹೋಲ್ಡ್ ಆನ್… ನೌ, ಪುಶ್ ಡೌನ್.” ಅವಳ ಎರಡೂ ಕೈ ಹಿತ್ತಾಳೆಯ ಒರಳು ಹಿಡಿದಂತೆ ಬಿಗಿದವು. ನಿಧಾನಕ್ಕೆ, ಗಡಬಡಿಸದೆ, ಒತ್ತಿದಳು.

ಹೀಗೆ ಎಷ್ಟು ಹೊತ್ತೋ. ಒಂದು ಸಲ ತಲೆ ಕಂಡಿತು. ಕಂಡ ಆನಂದಕ್ಕೆ ನನ್ನ ನಾಲಿಗೆ ಜಾರಿತು. “ರೋಲ್ ಔಟ್! ರೋಲ್ ಔಟ್!” ಎಂದು ಅರಚಿದೆ.

ಬೆವರಿನಲ್ಲಿ ತೊಯ್ದಿದ್ದ ಹುಡುಗಿ ಕಣ್ಣು ತೆರೆದಳು. “ಅತ್ತೀ… ಅದು ಹೋಳಿಗಿದ್ರಿ!”

ನಕ್ಕುಬಿಟ್ಟಳು. ಆ ನೋವಿನಲ್ಲಿ, ಆ ಖಾಲಿ ಓಣಿಯಲ್ಲಿ, ನಾವಿಬ್ಬರೂ ಹುಚ್ಚರಂತೆ ನಕ್ಕೆವು. ನಗುನಗುತ್ತಲೇ ಅವಳ ಮೈ ಸಡಿಲವಾಯಿತು. ಮತ್ತೊಂದು ಸಲ ಒತ್ತಿದಾಗ ಕೂಸು ನನ್ನ ಕೈಗೆ ಬಂತು.

ಬಂತು. ಆದರೆ ಅಳಲಿಲ್ಲ.

ಒದ್ದೆಯಾಗಿ, ಬೂದು ಬಣ್ಣದಲ್ಲಿ, ಕೈಕಾಲು ಜೋತುಬಿಟ್ಟು ಇತ್ತು. ಹೊರಗೆ ದೂರದಲ್ಲಿ ಲಾರಿಯ ಸದ್ದು. ಸೊಸೆ “ಯಾಕ ಅಳವಲ್ದು?” ಎನ್ನಲಿಲ್ಲ. ಚಾವಣಿ ನೋಡುತ್ತ ಮಲಗಿದ್ದಳು. ಆ ಮೌನ ನನಗೆ ಗೊತ್ತಿತ್ತು, ಕೊಡ್ಲಿಯ ಬಾಗಿಲ ಹೊರಗೆ ಕೂತು ಕೇಳಿದ ಮೌನ. ಈ ಸಲ ನಾನು ಬಾಗಿಲ ಒಳಗಿದ್ದೆ.

“ಟರ್ನ್ ಓವರ್,” ಎಂದೆ. ಯಾರಿಗೆ ಅಂದೆನೋ! ನನ್ನ ಕೈಗೇ ಅಂದಿರಬೇಕು. ಬಳ್ಳಿ ಎಳೆಯದಂತೆ ಕೂಸನ್ನು ಮುಂಗೈ ಮೇಲೆ ಬೋರಲು ಹಾಕಿಕೊಂಡು, ಬಾಯಿಯ ಲೋಳೆ ಒರೆಸಿ, ಬೆನ್ನು ತಿಕ್ಕಿದೆ. ಒರೆಸಲು, ತಿಕ್ಕಲು ಬಟ್ಟೆಯೆಲ್ಲಿತ್ತು? ನನ್ನ ಸೆರಗನ್ನೇ ಹರಿದೆ. “ಗೋ ಆನ್,” ಎಂದು ತಿಕ್ಕಿದೆ. “ಗೋ ಆನ್ ನನ್ನವ್ವಾ, ಗೋ ಆನ್ ತಾಯಿ.” ಬೆನ್ನು ಬೆಚ್ಚಗಾಯಿತು. ಒಂದು ಸಣ್ಣ ಬಿಕ್ಕು. ಮತ್ತೊಂದು. ಆಮೇಲೆ ಆ ಅಳು! ನಾನು ಮೊದಲೇ ಹೇಳಿದೆನಲ್ಲ, ಗೋಡೆಗಳಿಗೆಲ್ಲ ಕೇಳಿದ ಅಳು.

ಸೊಸೆ ಎರಡೂ ಕೈ ಚಾಚಿದಳು. “ಕೊಡ್ರಿ,” ಎಂದಳು. ಬಳ್ಳಿ ಮುಟ್ಟದೆ ಅವಳ ಎದೆಯ ಮೇಲೆ ಇಟ್ಟೆ. “ಹೆಣ್ಣ್ರಿ ಅತ್ತಿ,” ಎಂದಳು. ನಾನು ಅದನ್ನು ನೋಡುವುದನ್ನೇ ಮರೆತಿದ್ದೆ.

ಹೊತ್ತು ಇಳಿಯುವ ಮುಂಚೆ ಬಾಗಿಲು ಬಡಿದರು. ಮಗ, ಯಜಮಾನರು, ನರ್ಸಬಾಯಿ. ಮಗ ತನ್ನ ಮೇಲಿನವರನ್ನು ಕಾಡಿ ಬೇಡಿ, ಹಳಿಯ ಮೇಲೆ ತಳ್ಳುವ ಟ್ರಾಲಿಯಲ್ಲಿ ಅವರನ್ನು ಕೂಡಿಸಿಕೊಂಡು ಬಂದಿದ್ದ. ನರ್ಸಬಾಯಿ ಕೈ ತೊಳೆದು ಬಳ್ಳಿ ಕತ್ತರಿಸಿ, ತಾಯಿಯನ್ನೂ ಕೂಸನ್ನೂ ನೋಡಿ, ಹೊರಗೆ ಬಂದು ನನ್ನ ಹರಿದ ಸೆರಗನ್ನು ದಿಟ್ಟಿಸಿದಳು.

“ಅರಬಿ ಕುದಿಸಿ ಇಡು ಅಂದಿದ್ದೆ.”

“ಇಟ್ಟಿದ್ದಿಲ್ರಿ.”

“ಕತ್ತಿ ನೀನು,” ಎಂದಳು. ಕತ್ತೆ ಎಂದು. ಎಂದವಳೇ ನನ್ನನ್ನು ತಬ್ಬಿಕೊಂಡಳು. ಅವಳ ಮೈ ಟ್ರಾಲಿಯ ಧೂಳಿನಿಂದ ಗರಗರ ಎನ್ನುತ್ತಿತ್ತು.

ನಮ್ಮ ಲಿಂಗವಂತರಲ್ಲಿ ಹೆರಿಗೆಯ ಸೂತಕ ಹಿಡಿಯುವುದಿಲ್ಲ. ಕೂಸಿಗೆ ಲಿಂಗ ಕಟ್ಟುವ ಅಯ್ನೋರು ಊರಲ್ಲಿರಲಿಲ್ಲವಾದ್ದರಿಂದ ಯಜಮಾನರೇ ಕೂಸಿನ ಹಣೆಗೆ ವಿಭೂತಿ ಹಚ್ಚಿದರು. ದೀಪ ಹಚ್ಚುವ ಹೊತ್ತಿಗೆ ನಾನು ರೊಟ್ಟಿ ಬಡಿದೆ, ಮಗ ತೊಗರಿ ಬ್ಯಾಳಿ ಕುದಿಸಿ ಒಗ್ಗರಣೆ ಹಾಕಿದ. ಒಗ್ಗರಣೆ ಸೀದಿತ್ತು, ಯಾರೂ ಎತ್ತಿ ಆಡಲಿಲ್ಲ. ಬಾಣಂತಿಗೆ ಬಿಸಿ ಅನ್ನ, ತುಪ್ಪ, ಸುಟ್ಟ ಬೆಳ್ಳುಳ್ಳಿ. ಅವಳು ಮಲಗಿದ ಖೋಲಿಯಲ್ಲೇ ಎಲ್ಲರೂ ತಾಟು ಹಾಕಿಕೊಂಡು ಸುತ್ತ ಕೂತೆವು. ನರ್ಸಬಾಯಿಗೆ ನೆಲದ ಮೇಲೆ ಕೂರಲು ಬಾರದು. ಸ್ಟೂಲಿನ ಮೇಲೆ ಕೂತು ತಾಟನ್ನು ಮೊಣಕಾಲ ಮೇಲಿಟ್ಟುಕೊಂಡಳು. ಯಜಮಾನರು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಬಲಗೈಯನ್ನು ಅದರ ತಲೆಯ ಕೆಳಗಿಟ್ಟು ಕೂತವರು ಅಲುಗಾಡಲಿಲ್ಲ.

“ಉಣ್ರಿ, ಕೂಸಿನ್ನ ಹೊಳ್ಳಿ ಕೊಡ್ರಿ ಇಲ್ಲಿ,” ಎಂದೆ.

“ನಿದ್ದಿ ಹತ್ತ್ಯಾದ ಅದಕ್ಕ. ನೀ ಉಣ್ಣು,” ಎಂದರು. ಕೊಡಲಿಲ್ಲ.

ಮಗ ರೊಟ್ಟಿ ಮುರಿದು ಬ್ಯಾಳಿಯಲ್ಲಿ ಅದ್ದಿ ಅಪ್ಪನ ಬಾಯಿಗೆ ಇಟ್ಟ. ಅವರು ಕೂಸಿನ ಮುಖದಿಂದ ಕಣ್ಣು ತೆಗೆಯದೆ ಅಗಿದರು. ಇನ್ನೊಂದು ತುತ್ತಿಟ್ಟ. ಸೊಸೆ ತನ್ನ ತಾಟು ಖಾಲಿ ಮಾಡಿ, ನನ್ನ ಕಡೆ ಚಾಚಿ, “ಅತ್ತಿ, ಇನ್ನಷ್ಟು ಅನ್ನ ಹಾಕ್ರಿ, ಭಾಳ ಹಸಿವ್ಯಾಗ್ಯಾದ,” ಎಂದಳು. ಗಡಿಗೆಯಲ್ಲಿ ಇದ್ದಷ್ಟನ್ನೂ ಬಡಿಸಿದೆ.